ಶರ್ಯತ್ತಿನ ಎತ್ತಿನ ಮೇವು

ನಮ್ಮ ಹಿತ್ತಲಿಗೂ ಬಾಜೂ ಮನೆಯವರ ಹಿತ್ತಲಿಗೂ ನಡುವೆ ಮದರಂಗಿ ಬೇಲಿ, ಎದೆಮಟ್ಟಕ್ಕೆ ಕತ್ತರಿಸಿದ್ದು. ಚಹಾದ ಕಪ್ಪು, ಕೊತ್ತಂಬರಿ ಸಿವುಡು, ಲಗ್ನಪತ್ರಿಕೆ, ಊರ ಸುದ್ದಿ ಎಲ್ಲ ಅದರ ಮೇಲಿನಿಂದಲೇ ದಾಟುತ್ತವೆ. ಈ ಸಲ ದೀಪಾವಳಿ ಪಾಡ್ಯದ ಮರುದಿನ ಸಂಜೆ ಎರಡು ಕಾಗದ ದಾಟಿ ಬಂದವು.

‘ಅಣ್ಣಾರ, ಚಾ ಆತೇನ್ರಿ? ಒಂದೀಟ ಈ ಕಡೆ ಬರ್ರಿ. ನಿಮ್ಮ ಅಳಿಯ ಎರಡು ಕಾಗದ ಹಿಡಕೊಂಡು ಕುಂತಾನ. ಒಂದರಾಗ ಇಪ್ಪತ್ತೆರಡು ಸಾವಿರ, ಇನ್ನೊಂದರಾಗ ಐವತ್ತೇಳು ಸಾವಿರ. ಎರಡೂ ಅದ ಗಾಡಿದ ವಿಮಾ ಅಂತಾನ. ಒಂದ ಮಾಲಿಗೆ ಎರಡು ದರ ಹೆಂಗ ಬಂತು, ನೀವರ ಹೇಳ್ರಿ’ ಎಂದು ಬಾಜೂ ಮನೆಯ ತಾಯಿ ಕರೆದರು. ಅಳಿಯ ಎಂದರೆ ಅವರ ಮಗ.

ಗಡಹಿಂಗ್ಲಜದ ಒಂದು ಬ್ಯಾಂಕಿನಲ್ಲಿ ಮೂವತ್ತು ವರ್ಷ ಟ್ರ್ಯಾಕ್ಟರ್ ಸಾಲದ ಕಡತ ನೋಡಿಕೊಂಡಿದ್ದವನು ನಾನು. ನಮ್ಮ ನೂಲದಲ್ಲಿ ಯಾರ ಮನೆಗೆ ವಿಮೆಯ ಕಾಗದ ಬಂದರೂ ಅದು ಒಮ್ಮೆ ನನ್ನ ಕನ್ನಡಕದ ಕೆಳಗೆ ಹಾಯ್ದು ಹೋಗುತ್ತದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಪಾಲಿಸಿ ಇಂಗ್ಲಿಷಿನಲ್ಲಿ. ಹೀಗಿರುವ ಊರಲ್ಲಿ ಯಾರಾದರೂ ಒಬ್ಬರು ಕುಳಿತು ಓದಿ ಹೇಳಲೇಬೇಕು. ಆ ಕೆಲಸ ನನಗೆ ಇಷ್ಟ.

ಅವರ ಹುಣಸೆ ಮರದ ಕೆಳಗೆ ಗಾಡಿ ನಿಂತಿತ್ತು. ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245. 2020ರಲ್ಲಿ ಭಾರತಕ್ಕೆ ಇಂಥವು 200 ಮಾತ್ರ ಬಂದವು, ಅವೂ ಹೊರದೇಶದಲ್ಲೇ ಪೂರ್ತಿ ತಯಾರಾಗಿ. ಆಗಿನ ಶೋರೂಮ್ ಬೆಲೆ 35.99 ಲಕ್ಷ. ಎರಡು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 245 ಅಶ್ವಶಕ್ತಿ. ಕಬ್ಬಿನ ಟ್ರೇಲರ್ ಎಳೆಯುವ 50 ಅಶ್ವಶಕ್ತಿಯ ಟ್ರ್ಯಾಕ್ಟರ್ ಐದು ಕೂಡಿಸಿದಷ್ಟು ಕಸುವು ಒಂದು ಬಾನೆಟ್ಟಿನ ಕೆಳಗೆ. ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗಕ್ಕೆ ಏರಲು ಅದಕ್ಕೆ ಏಳು ಸೆಕೆಂಡೂ ಬೇಡ. ಪುಣೆಯ ಹಿಂಜವಡಿಯಲ್ಲಿ ನೌಕರಿ ಮಾಡುವ ಹುಡುಗ ಉಳಿತಾಯಕ್ಕೆ ಸಾಲ ಕೂಡಿಸಿ 27 ಲಕ್ಷಕ್ಕೆ ಎರಡನೇ ಕೈ ಕೊಂಡು, ಒಂಬತ್ತು ದಿನದ ಹಿಂದೆ ಊರಿಗೆ ಓಡಿಸಿಕೊಂಡು ಬಂದಿದ್ದ. ಗಾಡಿಗೆ ಐದನೇ ವರ್ಷ ನಡೆದಿತ್ತು. ಹಳೇ ಮಾಲೀಕನ ಪಾಲಿಸಿ ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು.

‘ಮಾಮಾ, ಅಗ್ಗದ್ದ ತಗೊಂಡ್ರ ನಡೀತೈತೇನ್ರಿ? ಕಂಪನಿ ಬ್ಯಾರೆ ಇದ್ರೂ ವಿಮಾ ವಿಮಾನ ಅಲ್ಲೇನು?’

ನಾನು ಅವನ ತಾಯಿಯ ಕಡೆ ತಿರುಗಿದೆ. ಅವರು ಓಣಿಯ ಹೆಂಗಸರ ಭಿಶಿ ನಡೆಸುವವರು, ಹಣದ ಲೆಕ್ಕ ಬಲ್ಲವರು. ‘ತಂಗೆವ್ವಾ, ನಿಮ್ಮ ಭಿಶಿಯೊಳಗ ಎಲ್ಲಾರೂ ಹಾಕ್ತೀರಿ, ಒಬ್ಬೊಬ್ಬರ ಪಾಳಿ ಬಂದಾಂಗ ಎತ್ತತೀರಿ. ವಿಮಾನೂ ಅಂಥಾದ್ದ ಒಂದು ದೊಡ್ಡ ಭಿಶಿ. ಆದ್ರ ಇಲ್ಲಿ ನಮ್ಮ ಪಾಳಿ ಬರಬಾರದು ಅಂತ ದೇವರಿಗೆ ಕೈ ಮುಗೀತೀವಿ. ಬಂದ್ರ ಎಷ್ಟು ಕೈಗೆ ಬರತೈತಿ ಅನ್ನೋದು ಹಾಕಿದ ದಿನಾನ ಬರದಿರತೈತಿ. ಆ ಬರಹ ಓದೂಣು.’

ಮೊದಲು ಎರಡೂ ಕಾಗದದಲ್ಲಿ ಒಂದೇ ಇರುವ ಸಾಲಿಗೆ ಬೆರಳು ಇಟ್ಟೆ. ಥರ್ಡ್ ಪಾರ್ಟಿ, 7,897 ರೂಪಾಯಿ. 1500 ಸಿಸಿ ಮೀರಿದ ಖಾಸಗಿ ಕಾರಿಗೆ 2022ರ ಜೂನ್‌ನಿಂದ ಸರ್ಕಾರವೇ ಗೊತ್ತುಮಾಡಿದ ದರ. ಇದರಲ್ಲಿ ಯಾವ ಕಂಪನಿಯೂ ಚೌಕಾಸಿ ಮಾಡುವಂತಿಲ್ಲ. ಗಾಡಿ ಯಾರಿಗಾದರೂ ಬಡಿದು ಜೀವ ಹೋದರೆ, ಕೈಕಾಲು ಮುರಿದರೆ, ನ್ಯಾಯಮಂಡಳಿ ಎಷ್ಟು ಗೊತ್ತುಮಾಡುತ್ತದೋ ಅಷ್ಟನ್ನೂ ಕಂಪನಿ ಕೊಡಬೇಕು, ಅದಕ್ಕೆ ಮಿತಿ ಇಲ್ಲ. ಎದುರಿನವರ ಆಸ್ತಿ ಹಾಳಾದರೆ 7.5 ಲಕ್ಷದವರೆಗೆ.

ಇದನ್ನು ಹೇಳುವಾಗ ನನ್ನ ದನಿ ತುಸು ಏರಿತು. ದೀಪಾವಳಿ ಮುಗಿಯಿತೆಂದರೆ ನಮ್ಮ ಸೀಮೆಯಲ್ಲಿ ಕಬ್ಬಿನ ಕಟಾವು ಶುರು. ಬೀಡದ ಕಡೆಯಿಂದ ಕಬ್ಬು ಕಡಿಯುವ ಕುಟುಂಬಗಳು ಮಕ್ಕಳುಮರಿ ಕಟ್ಟಿಕೊಂಡು ಬರುತ್ತವೆ. ನಸುಕಿನಲ್ಲಿ, ಹೊತ್ತು ಮುಳುಗಿದ ಮೇಲೆ ರಸ್ತೆಯ ಅಂಚಿನಲ್ಲೇ ಅವರ ಎತ್ತಿನ ಗಾಡಿಗಳು ಸಾಲಾಗಿ ಹೋಗುತ್ತಿರುತ್ತವೆ. ಹಿಂದೆ ಕೆಂಪು ದೀಪ ಇಲ್ಲದ ಟ್ರೇಲರ್‌ಗಳೂ ಇರುತ್ತವೆ. 245 ಅಶ್ವಶಕ್ತಿಯ ಗಾಡಿ ಆ ರಸ್ತೆಗೆ ಇಳಿದಾಗ ಎಲ್ಲಕ್ಕಿಂತ ದೊಡ್ಡ ಅಪಾಯ ಬಂಪರಿನದಲ್ಲ, ಆ ತಾಯಿ ಮಕ್ಕಳದು. ಅವರಿಗಾಗಿ ಇರುವ ಸಾಲು ಇದು. ಒಂದು ದಿನವೂ ತಪ್ಪಬಾರದು. ವಿಮೆ ಇಲ್ಲದೆ ಓಡಿಸಿದರೆ ಮೊದಲ ಸಲ 2,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲು ಎಂದು ಕಾಯ್ದೆ ಹೇಳುತ್ತದೆ. ದಂಡ ಕಟ್ಟಿ ಹೊರಗೆ ಬರಬಹುದು. ಒಂದು ಜೀವದ ಪರಿಹಾರವನ್ನು ಮನೆ, ಹೊಲ ಮಾರಿ ಕಟ್ಟಬೇಕಾಗುತ್ತದೆ.

‘ಅಂದ್ರ ಅದು ಎರಡರಾಗೂ ಸಮ ಐತಿ’ ಎಂದರು ಅವರು, ನೆಮ್ಮದಿಯಿಂದ. ‘ಹಂಗಾದ್ರ ಉಳಿದ ಮೂವತ್ತೈದು ಸಾವಿರ ಎಲ್ಲಿ ಹೆಚ್ಚಾತ್ರಿ?’

ಉಳಿದದ್ದು ನಮ್ಮ ಸ್ವಂತ ಗಾಡಿಯ ಹಾನಿಯ ಭಾಗ. 2007ರ ಜನವರಿಯಿಂದ ಇದರ ದರವನ್ನು ಕಂಪನಿಗಳಿಗೇ ಬಿಟ್ಟಿದ್ದಾರೆ. ಹಾಗಾಗಿ ಅಗ್ಗ, ತುಟ್ಟಿ ಎಂಬ ಮಾತೆಲ್ಲ ಇಲ್ಲಿಯದು. ಅಗ್ಗದ ಕಾಗದ ಎಲ್ಲೆಲ್ಲಿ ಕತ್ತರಿ ಆಡಿಸಿದೆ ಎಂದು ಒಂದೊಂದೇ ನೋಡುತ್ತ ಹೋದೆವು.

ಮೊದಲನೆಯದು ಗಾಡಿಯ ಬೆಲೆ. ಗಾಡಿ ಕಳವಾದರೆ, ರಿಪೇರಿಯ ಖರ್ಚು ಆ ಬೆಲೆಯ ಮುಕ್ಕಾಲು ಪಾಲು ಮೀರಿದರೆ, ಕಂಪನಿ ಕೊಡುವುದು ಪಾಲಿಸಿಯಲ್ಲಿ ಬರೆದ ಬೆಲೆ. ಅದನ್ನು ಐಡಿವಿ ಅನ್ನುತ್ತಾರೆ. ಅದಕ್ಕೊಂದು ಪಟ್ಟಿ ಇದೆ. ಆರು ತಿಂಗಳೊಳಗಿನ ಗಾಡಿಗೆ ಶೋರೂಮ್ ಬೆಲೆಯಲ್ಲಿ 5% ಕಳೆಯುತ್ತಾರೆ, ವರ್ಷದೊಳಗೆ 15%, ಆಮೇಲೆ ವರ್ಷ ಏರಿದಂತೆ 20, 30, 40. ನಾಲ್ಕು ದಾಟಿ ಐದರೊಳಗಿದ್ದರೆ ಅರ್ಧಕ್ಕರ್ಧ. ಈ ಗಾಡಿಗೆ ಪಟ್ಟಿಯ ಲೆಕ್ಕ 18 ಲಕ್ಷ. ಅಗ್ಗದ ಕಾಗದದಲ್ಲಿ 14 ಲಕ್ಷ ಬರೆದಿತ್ತು, ತುಟ್ಟಿಯದರಲ್ಲಿ 20 ಲಕ್ಷ. ಕೊಂಡದ್ದು 27ಕ್ಕೆ.

‘ಅಯ್ಯ! ಕಳವಾದ್ರ ಹದಿಮೂರು ಲಕ್ಷ ನೀರಿಗೆ ಹೋತಲ್ರಿ!’ ಎಂದು ತಾಯಿ ಸೆರಗು ಬಾಯಿಗೆ ಹಿಡಿದರು.

ಸಾದಾ ಗಾಡಿಯ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ, ಪಟ್ಟಿಗೂ ಸಂತೆಗೂ ಹೆಚ್ಚು ಅಂತರ ಬೀಳುವುದಿಲ್ಲ. 200ರಲ್ಲಿ ಒಂದಾದ ಗಾಡಿ ಹಾಗಲ್ಲ. ಮತ್ತೊಂದು ಬೇಕೆಂದರೆ ಸಿಗುವುದಿಲ್ಲವಾದ್ದರಿಂದ ಸಂತೆಯಲ್ಲಿ ಅದರ ದರ ಗಟ್ಟಿಯಾಗಿ ನಿಲ್ಲುತ್ತದೆ. ಪಟ್ಟಿಗೆ ಅದು ಕಾಣುವುದಿಲ್ಲ.

ಇದಕ್ಕೆ ಮದ್ದು ಇಲ್ಲವೇ ಎಂದರೆ, ಇದೆ. ನಮ್ಮ ಕೊಲ್ಹಾಪುರದ ಶಾಹೀ ದಸರೆಯಲ್ಲಿ ಛತ್ರಪತಿಗಳ ಮನೆತನದವರು ದಸರಾ ಚೌಕಕ್ಕೆ ಬರುವ ಮೇಬ್ಯಾಕ್ ಮೋಟಾರನ್ನು ಸೀಮೋಲ್ಲಂಘನೆಗೆ ಹೋದವರೆಲ್ಲ ನೋಡಿರುತ್ತಾರೆ. ರಾಜಾರಾಮ ಮಹಾರಾಜರ ಕಾಲದ್ದು, 1930ರ ದಶಕದ್ದು. ಅಂಥ ಗಾಡಿಗೆ ವರ್ಷಕ್ಕಿಷ್ಟು ಕಳೆ ಎಂಬ ಪಟ್ಟಿ ಹಚ್ಚಿದರೆ ಉಳಿಯುವುದು ಸೊನ್ನೆ. ಅದಕ್ಕೇ ನಮ್ಮ ದೇಶದ ಮೋಟಾರು ವಿಮೆಯ ದರಪಟ್ಟಿಯಲ್ಲಿ ಒಂದು ನಿಯಮ ಮಾಡಿದರು. 1940ರ ಡಿಸೆಂಬರ್ 31ಕ್ಕೂ ಮೊದಲು ತಯಾರಾಗಿ, ವಿಂಟೇಜ್ ಎಂದು ಪ್ರಮಾಣಪತ್ರ ಪಡೆದ ಕಾರಿಗೆ ಮಾಲೀಕ ಮತ್ತು ಕಂಪನಿ ಮೊದಲೇ ಕುಳಿತು ಒಪ್ಪಿದ ಬೆಲೆಯ ಪಾಲಿಸಿ ಕೊಡಬಹುದು. ಅದರ ಮೇಲೆ ಸ್ವಂತ ಹಾನಿಯ ಹಪ್ತೆಯಲ್ಲಿ 25% ರಿಯಾಯಿತಿ. ಅಪರೂಪದ ವಸ್ತುವಿಗೆ ಅಪರೂಪದ ಅಳತೆ ಬೇಕು ಎಂಬ ವಿವೇಕ ನಮ್ಮಲ್ಲೂ ಇದೆ ಎಂಬುದಕ್ಕೆ ಈ ನಿಯಮ ಸಾಕ್ಷಿ.

ಹುಡುಗನ ಗಾಡಿಗೆ ಆ ನಿಯಮ ಸಲ್ಲದು. ಆದರೆ ಪಟ್ಟಿ ಐದು ವರ್ಷಕ್ಕೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಐಡಿವಿ ಎಂದರೆ ಕಂಪನಿಯೂ ನಾವೂ ಮಾತಾಡಿ ಒಪ್ಪಿದ ಬೆಲೆ. ‘ಅಳಿಯಾ, ಮುಂದಿನ ವರ್ಷ ಮಾತಾಡಾಕ ಕೂಡುವಾಗ ಕೈಯಾಗ ಪುರಾವೆ ಇರಬೇಕು. ಖರೀದಿ ಪತ್ರ, ಸರ್ವಿಸ್ ಪುಸ್ತಕ, ಗಾಡಿಯ ಫೋಟೊ, ಇಂಥಾದ್ದ ಗಾಡಿ ಈಗ ಎಷ್ಟಕ್ಕ ಹೋಗತೈತಿ ಅನ್ನೋ ಲೆಕ್ಕ. ಬಾಯಿಮಾತಿಗೆ ಯಾರೂ ಬೆಲೆ ಏರಸೂದಿಲ್ಲ.’

ಎರಡನೆಯ ಕತ್ತರಿ ಬಿಡಿಭಾಗಗಳ ಸವಕಳಿ. ಇದನ್ನು ಬಿಡಿಸಿ ಹೇಳಲು ಪೆನ್ನು ತರಿಸಿದೆ. ಗಾಡಿಯ ಮೂತಿ ಜಜ್ಜಿ ನಾಲ್ಕು ಲಕ್ಷದ ಬಿಲ್ಲು ಆಯಿತು ಎನ್ನೋಣ. ಬಂಪರ್, ಹೆಡ್‌ಲೈಟ್ ಮುಂತಾದ ಪ್ಲಾಸ್ಟಿಕ್ ಸಾಮಾನು 1.2 ಲಕ್ಷ. ಪ್ಲಾಸ್ಟಿಕ್ ಮತ್ತು ರಬ್ಬರಿಗೆ ಕಂಪನಿ ಅರ್ಧ ಮಾತ್ರ ಕೊಡುತ್ತದೆ, ನಮ್ಮ ಪಾಲು 60,000. ಲೋಹದ ಭಾಗ 1.5 ಲಕ್ಷ. ಐದನೇ ವರ್ಷದ ಗಾಡಿಗೆ ಲೋಹದ ಮೇಲೆ 35% ಕಡಿತ, ನಮ್ಮ ಪಾಲು 52,500. ಗಾಜು 30,000, ಅದಕ್ಕೆ ಕಡಿತವಿಲ್ಲ. ಬಣ್ಣಕ್ಕೆ 40,000, ಅದರಲ್ಲಿ ಕಾಲು ಭಾಗ ಸಾಮಗ್ರಿ ಎಂದು ಹಿಡಿದು ಅದರ ಅರ್ಧ ಕಡಿತ, 5,000. ಕೂಲಿ 60,000, ಪೂರ್ತಿ ಕಂಪನಿಯದು. ಇಷ್ಟು ದೊಡ್ಡ ಎಂಜಿನ್ನಿನ ಕಾರಿಗೆ ಕ್ಲೇಮಿಗೊಮ್ಮೆ ಕಡ್ಡಾಯವಾಗಿ ನಾವು ಹೊರಬೇಕಾದದ್ದು 2,000. ಮೇಲೆ ಅಗ್ಗದ ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ಸ್ವಇಚ್ಛೆಯ ಕಡಿತ 15,000. ಹಪ್ತೆ ಇಳಿಯಲೆಂದು ಹುಡುಗನೇ ಮೊಬೈಲಿನಲ್ಲಿ ಒತ್ತಿದ್ದ. ಕೂಡಿಸಿದರೆ ನಮ್ಮ ಕೈಯಿಂದ ಹೋಗುವುದು 1,34,500.

ತುಟ್ಟಿ ಕಾಗದದಲ್ಲಿ ಝೀರೋ ಡೆಪ್ ಸೇರಿತ್ತು. ಸವಕಳಿ ಕಡಿತವನ್ನು ಕಂಪನಿಯೇ ಹೊರುವ ಜೋಡಣೆ. ಅದರಲ್ಲಿ ನಮ್ಮ ಪಾಲು ಹೆಚ್ಚುಕಡಿಮೆ 2,000ಕ್ಕೆ ನಿಲ್ಲುತ್ತದೆ. ಈ ಜೋಡಣೆಯನ್ನು ಬಹಳ ಕಂಪನಿಗಳು ಐದು ವರ್ಷದ ಗಾಡಿಯವರೆಗೆ ಕೊಡುತ್ತವೆ, ಕೆಲವು ಮಾತ್ರ ಮುಂದೆಯೂ. ಮುಂದಿನ ವರ್ಷ ಕಂಪನಿ ಆರಿಸುವಾಗ ಹುಡುಗ ಮೊದಲು ಕೇಳಬೇಕಾದ ಪ್ರಶ್ನೆ ಅದೇ.

ಅವನು ಲೆಕ್ಕದಲ್ಲಿ ಚುರುಕು. ‘ಆದ್ರ ಮಾಮಾ, ನಾಲ್ಕು ವರ್ಷ ಏನೂ ಆಗ್ಲಿಲ್ಲಂದ್ರ ನಂದು 1.4 ಲಕ್ಷ ಉಳೀತಲ್ರಿ?’

ಮಾತು ಖರೆ. ಅದಕ್ಕೇ ನನ್ನ ಹದಿಮೂರು ವರ್ಷದ ಮಾರುತಿಗೆ ನಾನು ಥರ್ಡ್ ಪಾರ್ಟಿ ಮಾತ್ರ ಇಟ್ಟಿದ್ದೇನೆ. ಅದರ ಬಂಪರ್ ಸಂಕೇಶ್ವರದಲ್ಲಿ ಅಗ್ಗಕ್ಕೆ ಸಿಗುತ್ತದೆ, ಕೈಯಿಂದ ಕೊಟ್ಟರೂ ಮನೆ ನಡೆಯುತ್ತದೆ. ಅಗ್ಗದ ಪಾಲಿಸಿ ಕೆಟ್ಟದ್ದು ಎಂದು ನಾನು ಯಾರಿಗೂ ಹೇಳುವುದಿಲ್ಲ. ಅದು ಯಾವ ಗಾಡಿಗೆ ಎಂದು ಕೇಳುತ್ತೇನೆ. ಸಾಲ ಮಾಡಿ ಕೊಂಡ, ಬಿಡಿಭಾಗ ಹೊರದೇಶದಿಂದ ಬರಬೇಕಾದ, ಒಂದು ಹೆಡ್‌ಲೈಟಿನ ದರ ಕೇಳಿದರೆ ಎದೆ ಝಲ್ಲೆನ್ನುವ ಗಾಡಿಗೆ ಅದೇ ಲೆಕ್ಕ ಹಚ್ಚಬಾರದು.

ತಾಯಿ ಥಟ್ಟನೆ ಅಂದರು, ‘ನಮ್ಮ ಮಾವಾರು ಶರ್ಯತ್ತಿನ ಎತ್ತು ಕಟ್ಟಿದ್ರು. ಹೊಲದ ಎತ್ತಿಗೆ ಕಣಕಿ ಹಾಕಿದ್ರ ಸಾಕು. ಶರ್ಯತ್ತಿನ ಎತ್ತಿಗೆ ಹಾಲು, ಹಿಂಡಿ, ಗೋದಿ ಹಿಟ್ಟು, ದಿನಾ ಮೈ ತಿಕ್ಕೂದು. ಅದಕ್ಕೂ ಕಣಕೀನ ಹಾಕ್ತೇನಿ ಅಂದ್ರ ಅದನ್ನ ಕಟ್ಟಬಾರದ್ರಿ ಅಣ್ಣಾರ.’

ನಾನು ಮೂವತ್ತು ವರ್ಷದ ಕಡತ ಬಿಚ್ಚಿ ಹೇಳುತ್ತಿದ್ದದ್ದನ್ನು ಅವರು ಎರಡು ಮಾತಿನಲ್ಲಿ ಹೇಳಿದ್ದರು. 2014ರಲ್ಲಿ ನಿಂತ ಎತ್ತಿನ ಗಾಡಿ ಶರ್ಯತ್ತು 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಅನುಮತಿಯಿಂದ ಮತ್ತೆ ಶುರುವಾದಾಗ, 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿಹಿಡಿದಾಗ, ಈ ಮನೆಯಲ್ಲಿ ಪೇಡೆ ಹಂಚಿದ್ದು ನನಗೆ ನೆನಪಿದೆ. ಓಟದ ಪ್ರೀತಿ ಹುಡುಗನಿಗೆ ಅಜ್ಜನಿಂದಲೇ ಬಂದಿರಬೇಕು.

ಮೂರನೆಯ ಕತ್ತರಿ ಎಂಜಿನ್ ರಕ್ಷಣೆಯ ಮೇಲೆ. ಅದರ ಮಾತು ಬಂದಾಗ ನನ್ನ ಸ್ವಂತ ಕಥೆ ಹೇಳಿದೆ. 2019ರ ಆಗಸ್ಟ್‌ನಲ್ಲಿ ಪಂಚಗಂಗೆ ಉಕ್ಕಿ ಕೊಲ್ಹಾಪುರಕ್ಕೆ ನುಗ್ಗಿದಾಗ, ಶಿರೋಳಿಯ ಹತ್ತಿರ ಪುಣೆ–ಬೆಂಗಳೂರು ಹೆದ್ದಾರಿಯೇ ದಿನಗಟ್ಟಲೆ ಮುಚ್ಚಿತ್ತು. ಬೀಗರ ಮನೆಗೆಂದು ಹೋಗಿದ್ದ ನನ್ನ ಆಗಿನ ಕಾರು ಶಾಹೂಪುರಿಯಲ್ಲಿ ನೀರಿನಲ್ಲಿ ನಿಂತಿತು. ನೀರು ಇಳಿದ ಮೇಲೆ ಮನೆಯವರು ಚಾವಿ ತಿರುವಿದರು. ಎಂಜಿನ್ನಿನೊಳಗೆ ನೀರಿತ್ತು. ಪಿಸ್ಟನ್ ಗಾಳಿಯನ್ನು ಒತ್ತಬಲ್ಲದು, ನೀರನ್ನು ಒತ್ತಲಾರದು. ಕನೆಕ್ಟಿಂಗ್ ರಾಡ್ ಬಾಗಿತು. ಸರ್ವೇಯರ್ ಬಂದು, ಸೀಟು ಮತ್ತು ವೈರಿಂಗ್ ಪ್ರವಾಹದ ಹಾನಿ, ಎಂಜಿನ್ ಚಾಲೂ ಮಾಡಿದ್ದರಿಂದ ಆದ ಹಾನಿ ಎಂದು ಬೇರೆ ಬೇರೆ ಬರೆದ. ನನ್ನ ಪಾಲಿಸಿಯಲ್ಲಿ ಎಂಜಿನ್ ರಕ್ಷಣೆಯ ಜೋಡಣೆ ಇರಲಿಲ್ಲ. 1.1 ಲಕ್ಷದ ಬಿಲ್ಲಿಗೆ ಕೈಗೆ ಬಂದದ್ದು 28,000. ಆ ಜೋಡಣೆಗೆ ಅಂದು ಕೊಡಬೇಕಿದ್ದದ್ದು ಒಂದೂವರೆ ಸಾವಿರ. ಆ ವರ್ಷದಿಂದ ಯಾರೇ ಕೇಳಿದರೂ ಎರಡು ಮಾತು ಹೇಳುತ್ತೇನೆ: ಹೊಳೆ ಸೀಮೆಯವರು ಎಂಜಿನ್ ರಕ್ಷಣೆ ಬಿಡಬೇಡಿ, ನೀರಿನಲ್ಲಿ ನಿಂತ ಗಾಡಿಯ ಚಾವಿ ಮುಟ್ಟಬೇಡಿ. 2021ರ ಜುಲೈನಲ್ಲಿ ಮತ್ತೆ ಹೆದ್ದಾರಿ ಮುಳುಗಿತು. ನೆಲಕ್ಕೆ ಹತ್ತಿರ ಕೂತ ಇಂಥ ಗಾಡಿಗೆ ಮೊಣಕಾಲುದ್ದ ನೀರೂ ಹೊಳೆಯೇ.

ಅದರ ಬೆನ್ನಿಗೇ ಎಳೆದೊಯ್ಯುವ ಖರ್ಚು. ಸಾದಾ ಪಾಲಿಸಿಯಲ್ಲಿ ಕೆಟ್ಟ ಕಾರನ್ನು ಹತ್ತಿರದ ಗ್ಯಾರೇಜಿಗೆ ಸಾಗಿಸಲು ಕೊಡುವುದು 1,500 ರೂಪಾಯಿಯವರೆಗೆ. ‘ಇದನ್ನ ಪುಣೆಕ್ಕ ಒಯ್ಯಬೇಕ್ರಿ ಮಾಮಾ, ಇಲ್ಲಿ ಯಾರೂ ಕೈ ಹಚ್ಚೂದಿಲ್ಲ’ ಅಂದ ಹುಡುಗ. ಇಲ್ಲಿಂದ ಪುಣೆ 300 ಕಿಲೋಮೀಟರಿನ ಹತ್ತಿರ, ಅದೂ ಲಾರಿಯ ಮೇಲೆ ಏರಿಸಿ. 1,500 ರೂಪಾಯಿಗೆ ಅದು ಗಡಹಿಂಗ್ಲಜ ದಾಟುವುದೂ ಕಷ್ಟ. ತುಟ್ಟಿ ಕಾಗದದಲ್ಲಿ ರಸ್ತೆಬದಿ ನೆರವು ಇತ್ತು. ಎಷ್ಟು ಕಿಲೋಮೀಟರಿನವರೆಗೆ ಎಂದು ಕೇಳಿ ಬರೆಸಿಕೋ ಎಂದೆ.

ಇಷ್ಟು ಹೊತ್ತಿಗೆ ಕತ್ತಲಾಗಿತ್ತು. ಅಗ್ಗದ ಕಾಗದದ ಮೇಲಿನ ತುದಿಯಲ್ಲಿ ನನಗೆ ಒಂದು ಸಾಲು ಕಂಡಿತು: ನೋ ಕ್ಲೇಮ್ ಬೋನಸ್ 50%.

‘ಅಳಿಯಾ, ಇದು ನಿನ್ನ ಮೊದಲನೇ ಕಾರು ಅಲ್ಲೇನು? ಈ ಐವತ್ತು ಎಲ್ಲಿಂದ ಬಂತು?’

‘ಹಳೇ ಮಾಲೀಕನ ಪಾಲಿಸಿಯೊಳಗಿತ್ರಿ. ಅದನ್ನ ತುಂಬೀನಿ.’

ಬೋನಸ್ಸು ಮನುಷ್ಯನದು. ಐದು ವರ್ಷ ಕ್ಲೇಮ್ ಮಾಡದೆ ಜೋಪಾನವಾಗಿ ಓಡಿಸಿದವನಿಗೆ 20, 25, 35, 45, 50 ಎಂದು ಮೆಟ್ಟಿಲು ಏರಿ ಬಂದದ್ದು. ಗಾಡಿ ಮಾರಿದರೆ ಅದು ಅವನ ಜೊತೆಗೇ ಹೋಗುತ್ತದೆ. ಕೊಂಡವನು ಸೊನ್ನೆಯಿಂದ ಶುರು ಮಾಡಬೇಕು. ಅಂದರೆ ಇಪ್ಪತ್ತೆರಡು ಸಾವಿರ ಎಂಬ ದರವೇ ಖರೆ ಅಲ್ಲ. ಕ್ಲೇಮಿನ ದಿನ ಕಂಪನಿ ಹಳೇ ದಾಖಲೆ ತೆಗೆದರೆ ಆ ತಪ್ಪು ಗುರುತು ಎದ್ದು ಬರುತ್ತದೆ.

ಇನ್ನೊಂದು, ಅದಕ್ಕಿಂತ ಅವಸರದ್ದು. ಮೋಟಾರು ವಾಹನ ಕಾಯ್ದೆಯ 157ನೇ ಕಲಮಿನಂತೆ ಗಾಡಿ ಕೈ ಬದಲಿಸಿದಾಗ ಥರ್ಡ್ ಪಾರ್ಟಿ ರಕ್ಷಣೆ ತಾನೇ ಹೊಸಬನಿಗೆ ಬರುತ್ತದೆ. ಸ್ವಂತ ಹಾನಿಯ ಭಾಗ ಹಾಗೆ ಬರುವುದಿಲ್ಲ ಎಂದು 1996ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕೊಂಡ 14 ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿಯಲ್ಲಿ ಹೆಸರು ಬದಲಿಸಿಕೊಳ್ಳಬೇಕು. ಇವನು ಕೊಂಡು ಒಂಬತ್ತು ದಿನ ಆಗಿತ್ತು. ಅಷ್ಟು ದಿನವೂ 27 ಲಕ್ಷದ ಗಾಡಿ ಬೇರೊಬ್ಬರ ಹೆಸರಿನ ಕಾಗದದ ಮೇಲೆ ಓಡಿತ್ತು.

ಹುಡುಗ ಸುಮ್ಮನಾದ. ಆಮೇಲೆ ತಾನಾಗಿಯೇ ಬಾಯಿ ಬಿಟ್ಟ. ‘ಮಾಮಾ, ಇನ್ನೊಂದೈತ್ರಿ. ಹಳೇ ಮಾಲೀಕ ಎಂಜಿನ್ನಿನ ಕಂಪ್ಯೂಟರ್ ರೀಮ್ಯಾಪ್ ಮಾಡಸ್ಯಾನ. ಮುನ್ನೂರರ ಹತ್ತಿರ ಅಶ್ವಶಕ್ತಿ ಬರತೈತಿ. ಎರಡೂ ಫಾರ್ಮಿನಾಗ ಬದಲಾವಣೆ ಏನೂ ಇಲ್ಲ ಅಂತ ತುಂಬೀನಿ. ಬರದ್ರ ದರ ಏರತೈತಿ ಅಂದ್ರು ಗೆಳ್ಯಾರು.’

ನಾನು ಏನು ಹೇಳಬೇಕೆಂದು ಯೋಚಿಸುವಷ್ಟರಲ್ಲಿ ತಾಯಿ ಕೊಟ್ಟಿಗೆಯ ಕಡೆ ಕೈ ತೋರಿಸಿದರು. ಅಲ್ಲಿ ಅವರ ಎಚ್‌ಎಫ್ ಹಸು ಕಿವಿ ಅಲ್ಲಾಡಿಸುತ್ತ ನಿಂತಿತ್ತು. ಕಿವಿಯಲ್ಲಿ ಹಳದಿ ಬಿಲ್ಲೆ.

‘ಆ ಬಿಲ್ಲೆ ನೋಡೋ. ಹೋದ ವರ್ಷ ನಿಮ್ಮ ದೊಡ್ಡವ್ವನ ಆಕಳ ಸತ್ತಾಗ ವಿಮಾದವರು ಬಂದು ಮೊದಲ ಕಿವಿ ನೋಡಿದ್ರು. ಬಿಲ್ಲೆ ಬಿದ್ದಿತ್ತು, ಹೇಳಿರಲಿಲ್ಲ. ಆಕಳಾ ಹೋತು, ರೊಕ್ಕಾನೂ ಹೋತು. ಆಕಳಕ ಬಿಲ್ಲೆ ಹೆಂಗೋ ನಿನ್ನ ಗಾಡಿಗೆ ಖರೆ ಹಂಗ. ದರ ಏರಿದ್ರ ಏರಲಿ. ಹಾಲಿನ ಬಿಲ್ಲಿನಾಗ ನಾ ಕೊಡತೀನಿ. ಸುಳ್ಳು ತುಂಬಬ್ಯಾಡ.’

ಆ ಮಾತಿಗೆ ನನ್ನ ಕಣ್ಣು ತೇವವಾಯಿತು. ಗೋಕುಳ ಸಂಘಕ್ಕೆ ಹಾಲು ಹಾಕಿ ಹತ್ತು ದಿನಕ್ಕೊಮ್ಮೆ ಬರುವ ಬಿಲ್ಲಿನಲ್ಲಿ ಮಗನನ್ನು ಓದಿಸಿದ ತಾಯಿ ಅವರು. ವಿಮೆಯ ಪುಸ್ತಕಗಳು ಪರಮ ವಿಶ್ವಾಸದ ಕರಾರು ಎಂದು ಕರೆಯುವುದನ್ನು ಅವರು ಕೊಟ್ಟಿಗೆಯಲ್ಲೇ ಕಲಿತಿದ್ದರು.

ಇಂಗ್ಲೆಂಡಿನ ರೆಡಿಂಗಿನಲ್ಲಿ ನನ್ನ ಸೋದರಸೊಸೆಯ ಮನೆಯಿದೆ, ಅವಳ ಗಂಡನಿಗೂ ಇಂಥದೇ ವೇಗದ ಗಾಡಿಯ ಹುಚ್ಚು. ಅಲ್ಲಿ ಬಹಳ ವರ್ಷಗಳಿಂದ ಕಾರುಗಳನ್ನು 1ರಿಂದ 50ರವರೆಗೆ ಗುಂಪು ಮಾಡಿ ವಿಮೆಯ ದರ ಗೊತ್ತುಮಾಡುತ್ತ ಬಂದಿದ್ದಾರೆ. ವೇಗದ ಗಾಡಿಗೆ, ಬದಲಾಯಿಸಿದ ಗಾಡಿಗೆ ಎಂದೇ ಬೇರೆ ದಲ್ಲಾಳಿಗಳಿದ್ದಾರೆ. ಅವರು ಫೋನ್ ಮಾಡಿ ಅರ್ಧ ತಾಸು ಪ್ರಶ್ನೆ ಕೇಳುತ್ತಾರಂತೆ: ರಾತ್ರಿ ಗಾಡಿ ಎಲ್ಲಿ ನಿಲ್ಲುತ್ತದೆ, ವರ್ಷಕ್ಕೆ ಎಷ್ಟು ಮೈಲಿ, ಏನೇನು ಬದಲಿಸಿದ್ದೀರಿ, ಫೋಟೊ ಕಳಿಸಿ. ಆಮೇಲೆ ಒಪ್ಪಿದ ಬೆಲೆಯ ಪಾಲಿಸಿ. ಎಲ್ಲ ಹೇಳಿಕೊಂಡ ಮೇಲೆ ಎಷ್ಟೋ ಸಲ ಅದೇ ಸಾದಾ ಪಾಲಿಸಿಗಿಂತ ಸೋವಿಯಾಗಿ ಬೀಳುತ್ತದೆ ಎಂದಿದ್ದಳು. ಮರೆವಿನಿಂದ ತಪ್ಪು ತುಂಬಿದವರಿಗೆ 2012ರ ಒಂದು ಕಾಯ್ದೆಯಂತೆ ಪ್ರಮಾಣಕ್ಕೆ ತಕ್ಕಷ್ಟು ಕಡಿಮೆ ಮಾಡಿಯಾದರೂ ಕೊಡಬಹುದು. ಬೇಕೆಂದೇ ಸುಳ್ಳು ಹೇಳಿದವರಿಗೆ ಅಲ್ಲೂ ಏನಿಲ್ಲ.

ನಮ್ಮಲ್ಲಿ ಆ ಥರದ ದಲ್ಲಾಳಿಗಳ ಸಂತೆ ಬೆಳೆದಿಲ್ಲ. ನಮಗಿರುವುದು ಸಾದಾ ಪಾಲಿಸಿ, ಅದಕ್ಕೆ ಬೇಕಾದ ಜೋಡಣೆಗಳನ್ನು ಆರಿಸಿ ಕಟ್ಟಿಕೊಳ್ಳುವ ಅವಕಾಶ. ವಿಶೇಷ ಪಾಲಿಸಿಯನ್ನು ನಾವೇ ಹೊಲಿದುಕೊಳ್ಳಬೇಕು. ಆದ್ದರಿಂದ ಮೂರನೆಯ ಒಂದು ಕಾಗದ ಬರೆಯಲು ಕುಳಿತೆವು.

ಐಡಿವಿ 20 ಲಕ್ಷ, ಅದಕ್ಕಿಂತ ಕೆಳಗೆ ಬೇಡ. ಝೀರೋ ಡೆಪ್ ಇರಲಿ, ಎಂಜಿನ್ ರಕ್ಷಣೆ ಇರಲಿ, ರಸ್ತೆಬದಿ ನೆರವು ಇರಲಿ. ಸ್ವಇಚ್ಛೆಯ ಕಡಿತ ತೆಗೆ. ಬೋನಸ್ ಸೊನ್ನೆ ಎಂದು ಬರೆ. ಗಾಡಿ ಓಡಿಸುವ ಮಾಲೀಕನಿಗೇ ಇರುವ 15 ಲಕ್ಷದ ಅಪಘಾತ ರಕ್ಷಣೆ ಬಿಡಬೇಡ. ತುಟ್ಟಿ ಕಾಗದದಲ್ಲಿದ್ದ ಚಾವಿ ಕಳೆದರೆ ಎಂಬ ಜೋಡಣೆ, ಸಾಮಾನು ಕಳೆದರೆ ಎಂಬ ಜೋಡಣೆ ನಿನಗೆ ಬೇಡ, ಅವುಗಳ ದುಡ್ಡು ಉಳಿಸು. ಹುಡುಗ ಪುಣೆಯಲ್ಲಿ ಕಂಪನಿಯ ಬಸ್ಸಿಗೆ ಹೋಗುತ್ತಾನೆ, ಗಾಡಿ ತೆಗೆಯುವುದು ರವಿವಾರ ಮತ್ತು ಹಬ್ಬಕ್ಕೆ. 2022ರ ಜುಲೈನಲ್ಲಿ ವಿಮಾ ಪ್ರಾಧಿಕಾರ ಎಷ್ಟು ಓಡಿಸುತ್ತೀಯೋ ಅಷ್ಟಕ್ಕೆ ಹಪ್ತೆ ಎಂಬ ಜೋಡಣೆಗೆ ಅನುಮತಿ ಕೊಟ್ಟಿದೆ. ವರ್ಷಕ್ಕೆ ಇಷ್ಟೇ ಕಿಲೋಮೀಟರ್ ಎಂದು ಬರೆಸಿದರೆ ಸ್ವಂತ ಹಾನಿಯ ಭಾಗ ಇಳಿಯುತ್ತದೆ. ರೀಮ್ಯಾಪ್ ತೆಗೆಸಿ ಕಂಪನಿಯ ಮೂಲ ಮ್ಯಾಪ್ ಹಾಕಿಸು, ಅದರ ಬಿಲ್ಲು ಜೋಪಾನ ಮಾಡು. ತಯಾರಕರು ಕೊಟ್ಟ ಸ್ವರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸಬಾರದು ಎಂದು ಅದೇ ಮೋಟಾರು ಕಾಯ್ದೆಯ 52ನೇ ಕಲಮಿನಲ್ಲೂ ಇದೆ.

‘ಒಂದ ಮಾತು ಕೇಳ್ಳೇನ್ರಿ? ಗೆಳ್ಯಾರು ಕೊಯಮತ್ತೂರಿನ ಕರಿ ಟ್ರ್ಯಾಕಿಗೆ ಹೋಗೂಣು ಅಂತಾರ. ಅಲ್ಲಿ ಈ ವಿಮಾ ನಡೀತೈತೇನು?’

ನಡೆಯುವುದಿಲ್ಲ. ರೇಸು, ವೇಗದ ಪರೀಕ್ಷೆ ಇವೆಲ್ಲ ಖಾಸಗಿ ಕಾರಿನ ಪಾಲಿಸಿಯ ಹೊರಗೆ ಎಂದು ಎರಡೂ ಕಾಗದದಲ್ಲಿ ಬರೆದಿರುತ್ತದೆ. ಐವತ್ತೇಳು ಸಾವಿರ ಕೊಟ್ಟರೂ ಅಷ್ಟೇ. ನಮ್ಮ ಕೊಲ್ಹಾಪುರದ ಕೃಷ್ಣರಾಜ ಮಹಾಡಿಕ್ ಬ್ರಿಟಿಷ್ ಫಾರ್ಮುಲಾ 3ರವರೆಗೆ ಹೋಗಿ ಓಡಿಸಿದರು. ವೇಗದ ಆಸೆ ಈ ಮಣ್ಣಿನ ಹುಡುಗರಿಗೆ ಸಹಜ. ಅದಕ್ಕೆ ತಕ್ಕ ಜಾಗ ಟ್ರ್ಯಾಕೇ. ಅಲ್ಲಿಗೆ ಹೋಗುವುದಾದರೆ ಆಗುವ ಹಾನಿ ಪೂರ್ತಿ ನನ್ನದು ಎಂದು ತಿಳಿದು ಹೋಗಬೇಕು, ಸಂಕೇಶ್ವರ ರಸ್ತೆಯಲ್ಲಿ ಮಾತ್ರ ಆ ಆಸೆ ತೀರಿಸಿಕೊಳ್ಳಬಾರದು.

ಹೆಸರು ಬದಲಾವಣೆಯ ಅರ್ಜಿಯನ್ನು ಹುಡುಗ ಅಲ್ಲೇ ನಿಂತು ಮೊಬೈಲಿನಲ್ಲಿ ಕಳಿಸಿದ. ಮೂರನೆಯ ಕಾಗದದ ದರ ಎರಡು ದಿನದ ಮೇಲೆ ಬಂತು, 18% ಜಿಎಸ್‌ಟಿ ಸೇರಿ ಐವತ್ತೊಂದು ಸಾವಿರ ಚಿಲ್ಲರೆ. ತುಟ್ಟಿಯದಕ್ಕಿಂತ ಕಡಿಮೆ, ಅಗ್ಗದ್ದರ ದುಪ್ಪಟ್ಟಿಗಿಂತ ಹೆಚ್ಚು, ತುಂಬಿದ ಪ್ರತಿಯೊಂದು ಅಕ್ಷರ ಖರೆ. ರೀಮ್ಯಾಪ್ ತೆಗೆಸುವವರೆಗೆ ಗಾಡಿ ಹುಣಸೆ ಮರದ ಕೆಳಗೇ ನಿಂತಿತು. ಅವನು ಪುಣೆಗೆ ಎಸ್‌ಟಿ ಬಸ್ಸಿನಲ್ಲಿ ಹೋಗಿ, ಶನಿವಾರ ಗ್ಯಾರೇಜಿನವನನ್ನೇ ಲ್ಯಾಪ್‌ಟಾಪ್ ಸಮೇತ ಊರಿಗೆ ಕರೆತಂದ.

ಅಂದು ರಾತ್ರಿ ಅಲ್ಲಿಂದ ಏಳುವ ಮುಂಚೆ ನಾನು ಕೊನೆಯ ಮಾತು ಹೇಳಿದ್ದೆ. ಪಾಲಿಸಿ ಮುಗಿಯುವ ತಾರೀಖು ಮರೆಯಬಾರದು. ಮುಗಿದ ಮರುಕ್ಷಣದಿಂದ ರಕ್ಷಣೆ ಇಲ್ಲ, ಗಳಿಸಿದ ಬೋನಸ್ಸು 90 ದಿನ ಕಾಯುತ್ತದೆ, ಆಮೇಲೆ ಅದೂ ಇಲ್ಲ.

ಮೊನ್ನೆ ಹಬ್ಬದ ಅರಿಶಿನ ಕೊಡಲು ಅವರ ಅಡಿಗೆಮನೆಗೆ ಹೋದಾಗ ಗೋಡೆಯ ಕಾಲನಿರ್ಣಯ ಕ್ಯಾಲೆಂಡರ್ ಕಣ್ಣಿಗೆ ಬಿತ್ತು. ಈ ವರ್ಷದ ಕೊನೆಯ ಹಾಳೆಯ ಹಿಂದೆ ಮುಂದಿನ ವರ್ಷಕ್ಕೆಂದು ಎರಡು ತಾರೀಖು ಬರೆದು ಕೆಂಪು ಪೆನ್ನಿನಿಂದ ಸುತ್ತಿದ್ದರು. ಮೊದಲನೆಯದರ ಮುಂದೆ, ‘ಆಕಳ ಈಯೂದು’. ಎರಡನೆಯದರ ಮುಂದೆ, ‘ಗಾಡಿ ವಿಮಾ, ಅಣ್ಣಾರಿಗೆ ತೋರಿಸಿ ತುಂಬೂದು’.